ಹೊರರೋಗಿಗಳ ಬೆಂಚು, ಸೊಲ್ಲಾಪುರ

ನೀವು ಗುಳಿಗಿ ಎಣಸೂದು ಕೇಳಿ ಗೊತ್ತಾತು ನೋಡ್ರಿ,
ಒಂದು, ಎರಡು, ಮೂರು...
ಈ ದವಾಖಾನಿಯೊಳಗ ಎಲ್ಲಾ ಮಾತು ಮರಾಠಿ,
ಎಣಿಕಿ ಮಾತ್ರ ಅವ್ವನ ಭಾಷಾದಾಗ ಬರ್ತದ.
ಸರೀರಿ ಈ ಕಡೆ. ಫ್ಯಾನಿನ ಗಾಳಿ ಇಲ್ಲಿಗಷ್ಟ ಮುಟ್ಟತದ.

ಅಕ್ಕಲಕೋಟದ ಕಡೆಯವರೇನು? ಹುಡುಗ ನಿಮ್ಮವನ?
ಗ್ವಾಡೀಗೆ ಮುಖ ಮಾಡಿ ನಿಂತಾನಲ್ಲ, ನಿಂದರಲಿ ಬಿಡ್ರಿ,
ಕೈ ಹಿಡದು ಜಗ್ಗಬ್ಯಾಡ್ರಿ.
ನಮ್ಮವರೂ ಮೊದಲನೇ ಸಲ ಹಿಂಗ ನಿಂತಿದ್ರು.
ನಾ ಜಗ್ಗಿದೆ, ಅಂಗಿ ಹರೀತು, ಮಂದಿ ನೋಡಿದ್ರು.
ಅಂಗಿ ಅವತ್ತ ಹೊಲದೆ.
ಮಂದಿ ನೋಡಿದ್ದು ಇನ್ನೂ ಹೊಲ್ಯಾಕತ್ತೀನಿ.

ನಾನು ಬೀಡಿ ಕಟ್ಟಾಕಿ. ದಿನಕ್ಕ ಎಂಟುನೂರು.
ಅವರು ಚಾದರದ ಮಗ್ಗದ ಮ್ಯಾಲೆ, ರಾತ್ರಿ ಪಾಳಿ.
ಒಮ್ಮೆ ನಾಕು ದಿನ ಕಣ್ಣ ಮುಚ್ಚಲಿಲ್ಲ.
ಐದನೇ ದಿನ ಹನ್ನೊಂದು ಗಡಿಯಾರ ಉದ್ರಿ ತಂದ್ರು,
ಒಂದೊಂದರಾಗ ಒಂದೊಂದು ಟೈಮ್ ಇಟ್ಟು
ಒಬ್ಬೊಬ್ಬ ದೇವರಿಗೆ ಒಂದೊಂದು ಅಂತ ನಕ್ಕರು.
ನಾನೂ ನಕ್ಕೆ. ಖುಷಿ ಅಂದ್ಕೊಂಡೆ.
ಅದು ಬ್ಯಾನಿ ಅಂತ ಯಾರು ಹೇಳಬೇಕಿತ್ತು ನನಗ?

ನಿದ್ದಿ ನೋಡ್ರಿ. ಮಾತಿಗಿಂತ ಮೊದಲು ನಿದ್ದಿ ಕೆಡತದ.
ಎಷ್ಟಕ್ಕ ಮಲಗಿದ್ರು, ಎಷ್ಟಕ್ಕ ಎದ್ದರು,
ಕ್ಯಾಲೆಂಡರಿನ ಮ್ಯಾಲೆ ಗೀಟು ಹಾಕ್ತೀನಿ ನಾನು.
ಡಾಕ್ಟರ್‌ಬಾಯಿ ಓದತಾಳ, ಗೀಟಿಗೆ ಮರಾಠಿ ಬೇಕಿಲ್ಲ.
ಗಾಳಿ ಅಂತ ಅತ್ತಿ ನಿಂಬಿಹಣ್ಣು ಇಳಸ್ತಾಳ. ಇಳಸಲಿ.
ನಿಂಬಿಹಣ್ಣಿನ ಜೋಡಿ ಜಗಳ ಯಾಕ?
ಗುಳಿಗಿ ತಪ್ಪಬಾರದು, ಅಷ್ಟ.

ಆದ್ರ ನಾ ಮಾಡಿದ್ದು ನೀವು ಮಾಡಬ್ಯಾಡ್ರಿ.
ಗುಳಿಗಿ ಒಲ್ಲೆ ಅಂದ್ರು,
ಕುಟ್ಟಿ ಶೇಂಗಾ ಚಟ್ನಿಯೊಳಗ ಕಲಸಿದೆ.
ಹದಿನೆಂಟು ದಿನ ಚಂದಾಗಿ ನಡೀತು.
ಹತ್ತೊಂಬತ್ತನೇ ದಿನ ನಾಲಿಗೀಗೆ ಕಹಿ ಹತ್ತಿತು.
ಏನೂ ಅನಲಿಲ್ಲ. ತಾಟು ಸರಿಸಿದ್ರು.
ಆಮ್ಯಾಲೆ ಆರು ತಿಂಗಳು
ನನ್ನ ಕೈಯಾಗಿನ ನೀರು ಸೈತ ಕುಡೀಲಿಲ್ಲ.
ಎಲ್ಲಾರೂ ವಿಷ ಹಾಕ್ತಾರ ಅಂತ ಬ್ಯಾನಿ ಅವರಿಗೆ ಹೇಳಿತ್ತು;
ನಾ ಹೋಗಿ ಬ್ಯಾನಿಯ ಮಾತು ಖರೇ ಮಾಡಿದೆ.

ಈಗ ಅಂಗೈಯಾಗ ಇಟ್ಟು ತೋರಸ್ತೀನಿ,
ಒಲ್ಲೆ ಅಂದ್ರ ಯಾಕ ಅಂತ ಕೇಳತೀನಿ.
ಕೈ ನಡಗತಾವ, ನೂಲಿನ ಎಳಿ ಸಿಗವಲ್ದು ಅಂದ್ರು ಒಮ್ಮೆ.
ಅದೇನು ಹಟ ಅಲ್ಲ, ನೇಕಾರನ ಲೆಕ್ಕ.
ರಕ್ತ ತಗದು ನೋಡಿ ಅಳತಿ ಡಾಕ್ಟರ್‌ಬಾಯಿ ಇಳಸಿದ್ಲು, ನಾವಲ್ಲ.
ಬ್ಯಾಸಗ್ಯಾಗ ನೀರು ಕಡಿಮಿ ಮಾಡಬ್ಯಾಡ ಅಂದ್ಲು,
ಇಲ್ಲಿ ಬಿಸಲು ಆ ಗುಳಿಗೀಗೆ ಆಗಿಬರೂದಿಲ್ಲಂತ.
ನಿಮ್ಮ ಹುಡುಗಂದು ಬ್ಯಾರೆ ಗುಳಿಗಿ ಇರಬಹುದು.
ಕೇಳ್ರಿ. ಕೇಳಾಕ ನಾಚಬ್ಯಾಡ್ರಿ.

ಇನ್ನೊಂದು, ಸಣ್ಣ ದನಿಯಾಗ ಹೇಳ್ತೀನಿ.
ಸಾಯೂ ಮಾತು ಮನಸಿಗೆ ಬರ್ತದೇನು ಅಂತ
ಬಾಯಿಬಿಟ್ಟ ಕೇಳ್ರಿ.
ಕೇಳಿದ್ರ ಬೀಜ ಬಿತ್ತಿದಂಗ ಅಂತ ನಾನೂ ಹೆದರಿದ್ದೆ.
ಬೀಜ ನನ್ನ ಮಾತಿಗಿಂತ ಮೊದಲ ಬಿದ್ದಿತ್ತು.
ಕೇಳಿದ ರಾತ್ರಿ ಭಾಳ ಹೊತ್ತು ಅತ್ತರು, ಆಮ್ಯಾಲೆ ಮಲಗಿದ್ರು.
ನಾನು ಗುಳಿಗಿ ಡಬ್ಬಿ ಸೆರಗಿಗೆ ಕಟಗೊಂಡು
ಅವರ ಬಾಜೂಕ ಕುಂತೆ.
ನಸುಕಿನ ಬಸ್ಸಿಗೆ ಇಲ್ಲೇ ಬಂದ್ವಿ, ಇದ ಬೆಂಚು.

ನಿಮ್ಮ ಊಟ ಆಗೇದೇನು?
ಆಗಿಲ್ಲ. ಮುಖ ಹೇಳತದ. ತಗೋರಿ, ಅರ್ಧ ಭಕ್ರಿ ಅದ.
ವಾರಕ್ಕ ಒಂದು ಮಧ್ಯಾಹ್ನ ಮೈದುನನ್ನ ಮನ್ಯಾಗ ಕುಂಡ್ರಿಸಿ
ನಾನು ಸಿದ್ಧೇಶ್ವರ ಕೆರಿ ದಂಡಿಗೆ ಹೋಗ್ತೀನಿ.
ಸುಮ್ಮ ಕುಂಡರತೀನಿ. ಏನೂ ಎಣಸೂದಿಲ್ಲ.
ಮೊದಲ ಕಳ್ಳತನ ಮಾಡಿದಂಗ ಅನಸ್ತಿತ್ತು.

ಗುಣ ಆತೇನು ಅಂತ ಕೇಳತೀರಿ.
ಹತ್ತು ಗಡಿಯಾರ ಅಂಗಡಿಗೆ ತಿರುಗಿ ಕೊಟ್ಟೆ.
ಹನ್ನೊಂದನೇದು ಗ್ವಾಡಿ ಮ್ಯಾಲೆ ಅದ,
ರಾತ್ರಿ ಒಂಬತ್ತಕ್ಕ ಅವರ ನೀರಿನ ತಂಬಿಗಿ ತರ್ತಾರ.
ಒಮ್ಮೊಮ್ಮೆ ತರಂಗಿಲ್ಲ.

ಹೆಸರು ಕೂಗಿದ್ರು ನೋಡ್ರಿ. ಅವರ ಬಾಯಾಗ ತಿರುವ್ಯಾದ,
ಆದ್ರ ನಿಮ್ಮ ಹುಡುಗಂದ ಅದು.
ಜಗ್ಗಬ್ಯಾಡ್ರಿ.
ನಾನೂ ಒಳಗ ಬರ್ಲ್ಯಾ ಅಂತ
ಮೊದಲು ಅವನ್ನ ಕೇಳ್ರಿ.