ಐಸ್ ಫ್ಯಾಕ್ಟರಿ ಇಲೆವನ್

ಬೈತಖೋಲದಲ್ಲಿ ಈಗಲೂ ಕೇಳಿ ನೋಡಿ,
ಐಸ್ ಹಾಕಿ ಎಂದರೆ ನಮ್ಮದೇ ಟೀಮು.
ಎಲ್ಲೋ ರಷ್ಯಾದ ಕಡೆ ಬೂಟಿಗೆ ಬ್ಲೇಡು ಕಟ್ಟಿ
ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುತ್ತ ಆಡುತ್ತಾರಂತೆ.
ಆಡಲಿ ಬಿಡಿ.
ನಮಗೆ ಐಸು ಅಂದರೆ ಸಂಬಳ.

ರಾತ್ರಿ ಪಾಳಿ ಮುಗಿಸಿ, ಮೈಯೆಲ್ಲ ಅಮೋನಿಯ ನಾತ,
ಬೆರಳು ಇನ್ನೂ ಸೆಟೆದುಕೊಂಡಿರುವಾಗಲೇ
ಇಳಿತದ ಹೊತ್ತು ನೋಡಿ ದಂಡೆಗೆ ಓಡುತ್ತಿದ್ದೆವು.
ಒದ್ದೆ ಮರಳಿನ ಮೇಲೆ ಚೆಂಡು ಹೋಗುವ ಹಾಗೆ
ಯಾವ ಹುಲ್ಲಿನ ಮೇಲೂ ಹೋಗುವುದಿಲ್ಲ.
ಸೀಟಿ ಊದುವವರು ಬೇಡ.
ಭರತ ಏರಿ ಬಂತೆಂದರೆ ಆಟ ಮುಗಿಯಿತು.

ಆಡುವುದಕ್ಕೇ ದುಡ್ಡು ಕೊಟ್ಟವರು ಈ ದಂಡೆಯುದ್ದಕ್ಕೂ
ನಮ್ಮ ಸಾವಕಾರರೊಬ್ಬರೇ:
ತಿಂಗಳಿಗೆ ನಲವತ್ತು ರೂಪಾಯಿ ಹೆಚ್ಚು,
ಗೆದ್ದ ದಿನ ತಲೆಗೊಂದು ಇಸೋಣ,
ಸೋತ ದಿನ ತಾರ್ಲೆಯೂ ಇಲ್ಲ.

ಸಾಂತಾನ್ ರೆಬೆಲ್ಲೊ ಸೆಂಟರ್ ಹಾಫ್.
ರೈಟ್ ಔಟ್ ದತ್ತಾ ತಾಂಡೇಲ, ಬರಿಗಾಲು.
ಗೋಲಿನಲ್ಲಿ ನಾನು, ಮೊಣಕಾಲಿಗೆ
ಐಸು ಮುಚ್ಚುವ ಗೋಣಿಯನ್ನೇ ಸುತ್ತಿಕೊಂಡು.
ಮೂರು ವರ್ಷ ಸತತ ಕಪ್ಪು ತಂದೆವು.
ಈಗದು ನಿಜಕ್ಕೂ ಕಪ್ಪು. ಫ್ಯಾಕ್ಟರಿ ಗಲ್ಲೆಯ ಮೇಲೆ
ಲಾರಿಯವರ ಚೀಟಿ ಹಾಕಲು ಇಟ್ಟಿದ್ದಾರೆ.

ನಾಲ್ಕನೆಯ ವರ್ಷ ದಾಂಡೇಲಿಯವರು
ಐದು ಗೋಲು ಹೊಡೆದರು.
ಐದನೆಯದು ನನ್ನ ಕಾಲಸಂದಿಯಲ್ಲಿ ಹೋಯಿತು,
ಮನೆಗೆ ಹೋಗುವ ಬೆಕ್ಕಿನ ಹಾಗೆ, ಅವಸರವಿಲ್ಲದೆ.

ಚಹಾದಂಗಡಿಯ ಗುಣವಂತಿ ಹೇಳುತ್ತಾಳೆ: "ಐದೆಲ್ಲಿ? ಮೂರು."
ಬೋಟಿನ ಹುಡುಗರ ಲೆಕ್ಕದಲ್ಲಿ ಎರಡು,
ಅದರಲ್ಲೊಂದು ಮೋಸದ್ದು.
ಪ್ರತಿ ಮಳೆಗಾಲಕ್ಕೆ ಒಂದೊಂದು ಗೋಲು ಕರಗುತ್ತಿದೆ.
ನಾನು ತಿದ್ದಲು ಹೋಗುವುದಿಲ್ಲ.
ಇನ್ನೆರಡು ವರ್ಷ ಉಸಿರು ಹಿಡಿದಿದ್ದರೆ
ಆ ಫೈನಲನ್ನೂ ನಾವೇ ಗೆದ್ದಿರುತ್ತೇವೆ,
ಅವತ್ತಿನ ಇಸೋಣ ಬಾಕಿ ಇದೆ.

ಮೊನ್ನೆ ಸಾಂತಾನ್ ಹೋದ.
ಮಗಳು ಮಸ್ಕತದಿಂದ ಬಂದು ಮುಟ್ಟುವವರೆಗೆ
ಅವನನ್ನು ಐಸಿನ ಮೇಲೆ ಮಲಗಿಸಿದ್ದರು.
ನಮ್ಮದೇ ಫ್ಯಾಕ್ಟರಿಯ ನಾಲ್ಕು ಚಪ್ಪಡಿ,
ಬಿಲ್ಲು ಬರೆಯಲಿಲ್ಲ.
ಸ್ಟಿಕ್ಕು ತಂದಿಡಬೇಕೆಂದು
ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ದತ್ತಾ ನನ್ನ ಕಿವಿಗೆ ಬಗ್ಗಿದ:
"ಆ ಐದನೆಯದು, ಆಫ್‌ಸೈಡ್ ಮಾರಾಯ."

ಆಗಿರಲಿಲ್ಲ.
ಬೆಂಚಿನ ಕೆಳಗಿನಿಂದ ನೀರು ಸಣ್ಣಗೆ ಹರಿದು
ಹೊಸ್ತಿಲ ಹತ್ತಿರ ನಮ್ಮ ಚಪ್ಪಲಿಗಳನ್ನು ಮುಟ್ಟುತ್ತಿತ್ತು.