ಓದಲು ಮಾತ್ರ ಅನುಮತಿ

ಬಿತ್ತನೆ ಗಡ್ಡೆಯ ಮೂರು ಲಾರಿ
ಜಲಂಧರ ಬಿಟ್ಟಿವೆಯಂತೆ.
"ಪಟ್ಟಿ ತೆಗಿಯಮ್ಮ ಜಲಜಾ,
ಎಲ್ಲರಿಗೂ ಒಂದೇ ಸಲ ಮೆಸೇಜು ಹೋಗ್ಲಿ"
ಎಂದು ವಾಜಿದ್ ಸಾಹುಕಾರರು ಮಂಡಿಯ ಬಾಗಿಲಲ್ಲೇ ಹೇಳಿ
ಯಾರ್ಡಿನ ಕಡೆ ಸ್ಕೂಟರು ತಿರುಗಿಸಿದರು.

ಹೋದ ವರ್ಷ ಇದು ಎರಡು ದಿನದ ಕೆಲಸ.
ಲೆಕ್ಕದ ಪರದೆಯಿಂದ ಒಂದೊಂದೇ ನಂಬರು
ನೋಟ್‌ಬುಕ್ಕಿಗೆ, ನೋಟ್‌ಬುಕ್ಕಿನಿಂದ ಫೋನಿಗೆ.
ಎಲ್ಲೋ ಒಂಬತ್ತು ಆರಾಗಿ
ದುದ್ದದವರಿಗೆ ಹೋಗಬೇಕಾದ ಗಡ್ಡೆಯ ದರ
ಧಾರವಾಡದ ಒಬ್ಬ ಮೇಷ್ಟರಿಗೆ ಹೋಗಿ
ಅವರು ಉತ್ತರಿಸಿದ್ದರು: ನಮಗೆ ಎರಡು ಕಿಲೋ ಸಾಕು.

ಈ ವರ್ಷ ಒಂದು ಚೌಕವಿದೆ, ಅದರಲ್ಲಿ ಬರೆದರೆ ಆಯಿತು.
ಬರೆದೆ: ನಮ್ಮ ಲೆಕ್ಕದೊಳಗಿನ ಗಿರಾಕಿಗಳ
ಹೆಸರು, ಊರು, ಫೋನು ತಂದುಕೊಡು.
ಕೊನೆಗೆ ದಯವಿಟ್ಟು ಎಂದು ಸೇರಿಸಿದೆ.
ಅಳಿಸಿದೆ. ಮತ್ತೆ ಸೇರಿಸಿದೆ.

"ನನಗೆ ಓದಲು ಮಾತ್ರ ಅನುಮತಿ ಇದೆ," ಎಂದಿತು.
"ಖಾತೆಯಲ್ಲಿ ಏನನ್ನೂ ತಿದ್ದಲಾರೆ, ಅಳಿಸಲಾರೆ.
ನೂರು ನೂರರಂತೆ ತರುತ್ತೇನೆ."
ನಾನು ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳು
ಪದ್ಮರಾಜಯ್ಯನವರು ನನಗೆ ಕೊಟ್ಟದ್ದೂ ಅಷ್ಟೇ:
ಖಾತೆ ಪುಸ್ತಕ ತೆರೆದಿಟ್ಟು
ಪೆನ್ನಿನ ಕ್ಯಾಪು ಮುಚ್ಚಿಟ್ಟು.

ಮೊದಲ ನೂರು ಬಂತು.
ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಎರಡನೆಯದು.
ಕಂದಲಿ, ಸೀಗೆ, ಸಾಲಗಾಮೆ,
ಮೊಸಳೆ ಹೊಸಹಳ್ಳಿಯ ಹದಿನೇಳು ಮನೆ,
ಹೆಸರಿನ ಕಾಲಮ್ಮಿನಲ್ಲಿ ಪದ್ಮರಾಜಯ್ಯನವರು
ಗುರುತಿಗೆಂದು ತುಂಬಿಟ್ಟ ಲೋಕ:
ಬಿಳಿ ಎತ್ತಿನ ನಂಜೇಶ.
ತಿಮ್ಮೇಗೌಡ, ಇನ್ನೊಬ್ಬ ತಿಮ್ಮೇಗೌಡನ ಪಕ್ಕದ ಮನೆ.
ಬಿಲ್ಲು ಗಂಡನ ಹೆಸರಿಗೆ, ಮಾತು ಹೆಂಡತಿಯ ಹತ್ತಿರ.
ದ್ಯಾವಮ್ಮ, ಬಾಯಿ ಜೋರು, ದುಡ್ಡು ಚೊಕ್ಕ.
ಎಲ್ಲರನ್ನೂ ಅದು ಒಂದೇ ಗಂಟಲಲ್ಲಿ ಓದಿತು.
ನಾನೊಬ್ಬಳೇ ನಕ್ಕೆ.
ಚೀಲ ಹೊಲಿಯುತ್ತಿದ್ದ ಪರ್ವೀನ್ ತಲೆಯೆತ್ತಿ
ದಬ್ಬಳ ಹಿಡಿದೇ ನೋಡಿದಳು.

ಒಂಬತ್ತನೆಯ ನೂರರಲ್ಲಿ ಅದಕ್ಕೊಂದು ಅನುಮಾನ:
"ಕಟ್ಟಾಯದ ಕೆಂಚೇಗೌಡ, ಕಟ್ಟಾಯದ ಕೆ. ಗೌಡ.
ನಂಬರು ಒಂದೇ. ಒಬ್ಬರೇ ಇರಬಹುದು.
ಪಟ್ಟಿಯಲ್ಲಿ ಒಂದೇ ಸಾಲು ಇಡಲೇ?"

ಯಾರಿಗಾದರೂ ಹಾಗೇ ಅನ್ನಿಸಬೇಕು.
ಇಬ್ಬರೂ ಬಂದು ನಿಲ್ಲುವುದು ಇದೇ ಮೇಜಿನ ಮುಂದೆ,
ಒಬ್ಬ ಬಂದ ದಿನ ಇನ್ನೊಬ್ಬ ಬರುವುದಿಲ್ಲ.
ಹೊಲ ಪಾಲಾಯಿತು. ಕೊಟ್ಟಿಗೆ ಪಾಲಾಯಿತು.
ನಡುಮನೆಗೆ ಗೋಡೆ ಎದ್ದಿತು.
ಫೋನು ಮಾತ್ರ ತಾಯಿಯದು,
ಆ ಗೋಡೆಯಲ್ಲಿ ಅವಳು ಹಟ ಹಿಡಿದು ಬಿಡಿಸಿದ ಗೂಡಿನಲ್ಲಿ
ಎರಡೂ ಕಡೆಗೆ ಮುಖ ಮಾಡಿ ಚಾರ್ಜಿಗೆ ಕೂತಿರುತ್ತದೆ.

"ಬೇಡ," ಎಂದು ಬರೆದೆ. "ಇಬ್ಬರು."
"ಸರಿ, ಎರಡು ಸಾಲು ಉಳಿಸಿದ್ದೇನೆ."
ಕಾರಣ ಕೇಳಲಿಲ್ಲ.
ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ,
ಮಧ್ಯಾಹ್ನ, ಮಂಡಿಯಲ್ಲಿ ಜನ ಬೇರೆ ಇರಲಿಲ್ಲ.

ಹದಿನಾಲ್ಕಕ್ಕೆ ಮುಗಿಯಿತು. ಸಾವಿರದ ಮುನ್ನೂರ ಹನ್ನೆರಡು.
"ಇದರಲ್ಲಿ ಇಪ್ಪತ್ತಮೂರು ಜನರ ನಂಬರು ಸರಿಯಿಲ್ಲ,
ಅಂಕಿಗಳ ಬದಲು ಅಕ್ಷರಗಳಿವೆ."
ನೋಡಿದೆ. ನಂಬರಿನ ಜಾಗದಲ್ಲಿ ಪದ್ಮರಾಜಯ್ಯನವರು
"ಮಂಗಳವಾರ ತಾನೇ ಬರುತ್ತಾನೆ" ಎಂದಿದ್ದಾರೆ,
"ಗೊರೂರು ಬಸ್ಸಿನ ಕಂಡಕ್ಟರಿಗೆ ಹೇಳಿ" ಎಂದಿದ್ದಾರೆ,
ಒಂದು ಕಡೆ ಬರೀ
"ಕೂಗಿ".

ಸಂಜೆ ಆರಕ್ಕೆ ಸುತ್ತಲ ಊರುಗಳ ಜೇಬುಗಳೆಲ್ಲ
ಒಮ್ಮೆಗೇ ಗುಂಯ್ ಎಂದಿರಬೇಕು.
ಕಟ್ಟಾಯದ ಗೂಡಿನಲ್ಲಿ ಎರಡು ಸಲ:
ಅದೇ ಲಾರಿ, ಅದೇ ದರ,
ಮೊದಲನೆಯದು ಕೆಂಚೇಗೌಡರೇ ಎಂದು,
ಎರಡನೆಯದು ಕರಿಗೌಡರೇ ಎಂದು.
ಮುದುಕಿಗೆ ಓದು ಬಾರದು.
ಯಾರನ್ನು ಮೊದಲು ಕರೆದಳೋ.

ಉಳಿದವರಿಗೆ ಚೀಟಿ ಬರೆದು ಬಸ್ ಸ್ಟ್ಯಾಂಡಿಗೆ ಕಳಿಸಿದೆ.
ಒಂದು ಚೀಟಿ ಮಾತ್ರ ಡ್ರಾಯರಿನಲ್ಲೇ ಇದೆ:
ಎಲ್ಲಿ ನಿಂತು ಕೂಗಬೇಕು,
ಏನೆಂದು ಕೂಗಿದರೆ ಅವನು ಓಗೊಡುತ್ತಾನೆ,
ಪದ್ಮರಾಜಯ್ಯನವರು ಬರೆದಿಲ್ಲ.
ಅವರನ್ನೇ ಕೇಳೋಣ ಎಂದರೆ
ಅವರು ನಮ್ಮ ಗಿರಾಕಿಯಲ್ಲ,
ಪಟ್ಟಿಯಲ್ಲಿಲ್ಲ.