ಎರಡು ದಿನ, ಚಕ್ರವಿಲ್ಲದೆ

ಬೀದರಿನಿಂದ ಹೊರಟು ಹದಿಮೂರನೆಯ ದಿನ
ಕಾಟನ್‌ಪೇಟೆಯ ಲಾಡ್ಜಿನ ಮೆಟ್ಟಿಲ ಕೆಳಗೆ
ಎರಡು ಸೈಕಲ್ಲಿಗೂ ಒಂದೇ ಬೀಗ.
ಮ್ಯಾನೇಜರು ರಿಜಿಸ್ಟರಿನಲ್ಲಿ ‘ವಾಹನ’ ಎಂಬಲ್ಲಿ
ಪೆನ್ನು ಎತ್ತಿ ಹಿಡಿದು, ನಮ್ಮನ್ನೊಮ್ಮೆ ನೋಡಿ,
ಗೆರೆ ಎಳೆದ.

‘ಎರ್ಡ್ ದಿನ ಊರ ನೋಡಮ್, ಆಮ್ಯಾಲ ಕನ್ಯಾಕುಮಾರಿ’
ಅಂದವನು ಇವನೇ, ಮಾಣಿಕಪ್ಪ, ಡ್ರಿಲ್ ಮಾಸ್ತರ.
ಫ್ಯಾನಿನ ಮೂರು ರೆಕ್ಕೆಗೆ ನಾಲ್ಕು ಕಾಲುಚೀಲ ಕಟ್ಟಿ
ಒಂದನೇ ಸ್ಪೀಡಿಗೆ ಬಿಟ್ಟ.
ತಲೆಯ ಮೇಲೆ ಸುತ್ತಿ ಸುತ್ತಿ
ರಾತ್ರಿಯೆಲ್ಲ ಸಿರಾದ ಎದುರುಗಾಳಿ ಒಣಗಿತು.

ಬೆಳಿಗ್ಗೆ ಎದ್ದರೆ ಕಾಲಿಗೆ ನಡೆಯುವುದು ಮರೆತಿದೆ.
ಮೆಟ್ರೋದಲ್ಲಿ ಕೂತರೆ
ತುಳಿಯದೆ ಸಿಕ್ಕ ದೂರ, ನಂಬಿಕೆ ಬರುವುದಿಲ್ಲ.
ಇವನ ಬಲಗಾಲು ಸುಮ್ಮನಿರದು;
ಪಕ್ಕದ ಹುಡುಗಿ ಬ್ಯಾಗು ಸರಿಸಿಕೊಂಡಳು.
ಹೋಟೆಲಿನಲ್ಲಿ ಎರಡು ದೋಸೆ, ಮತ್ತೆರಡು,
ಮೂರನೆಯ ಸಲ ಕೇಳಿದಾಗ ಸಪ್ಲಾಯರು ‘ಪಾರ್ಸಲ್ಲಾ?’ ಅಂದ.
‘ಇಲ್ಲೇ’ ಅಂದೆ, ಸ್ವಲ್ಪ ಜೋರಾಗಿ.

ಲಾಲ್‌ಬಾಗಿನ ಬಂಡೆ ಹತ್ತಿದೆವು.
ಮುನ್ನೂರು ಕೋಟಿ ವರ್ಷವಂತೆ.
ಇವನು ಅಂಗೈ ಇಟ್ಟ, ಜ್ವರ ನೋಡುವ ಹಾಗೆ.
‘ಏರು ಆರು ಪರ್ಸೆಂಟು. ಎರಡ್ನೇ ಗೇರಿನಾಗ ಏರಬಹುದು.’
ನೆಲವನ್ನು ನಾವೀಗ ಓದುವುದೇ ಇಷ್ಟು:
ಏರು, ಇಳಿಜಾರು, ಚಹಾ ಸಿಗುವ ಜಾಗ.

ಕೆಳಗೆ ಮರಮರದಡಿ ಛತ್ರಿ ಬಿಚ್ಚಿದ ಜೋಡಿಗಳು,
ಮಳೆಯೂ ಇಲ್ಲ, ಬಿಸಿಲೂ ಇಲ್ಲ.
ಕಾವಲಿನವನು ಪೀಪಿ ಊದುತ್ತ
ಒಂದೊಂದನ್ನೇ ಎಬ್ಬಿಸುತ್ತ ಬಂದು
ನಮ್ಮ ಬೆಂಚಿನೆದುರು ಪೀಪಿ ಬಾಯಿಂದ ತೆಗೆದ.
ನರೆತ ಕೂದಲು, ಮೊಣಕಾಲಿಗೆ ಹಚ್ಚಿದ ಮುಲಾಮಿನ ವಾಸನೆ.
‘ಕೂತ್ಕೊಳ್ಳಿ, ಕೂತ್ಕೊಳ್ಳಿ.’
ಯಾಕೋ ಅವಮಾನವಾಯಿತು.
ನಮ್ಮನ್ನೂ ಎಬ್ಬಿಸಬಹುದಿತ್ತು.

ಆಗ ಪಕ್ಕಕ್ಕೆ ತಿರುಗಿ ನೋಡಿದೆ.
ಏಳುನೂರು ಕಿಲೋಮೀಟರು ಇವನ ಬೆನ್ನು ಹಿಡಿದು ಬಂದವಳು.
ಅಂಗಿಯ ಮೇಲೆ ಬೆವರುಪ್ಪು ಬಿಡಿಸಿದ ನಕಾಶೆ,
ಏರಿನಲ್ಲಿ ಮೊದಲು ಬಾಗುವ ಎಡಭುಜ,
ಸೋತಾಗ ಕತ್ತು ಒಳಗೆ ಹೋಗುವ ರೀತಿ,
ಎಲ್ಲ ಬಾಯಿಪಾಠ.
ಮುಖವೋ, ಕನ್ನಡಕದ ಸುತ್ತ ಒಂದಿಷ್ಟು ಉಳಿದು
ಪೂರಾ ಸುಟ್ಟುಹೋಗಿತ್ತು.
ರಾಯಚೂರಿನಲ್ಲೋ ಬಳ್ಳಾರಿಯಲ್ಲೋ, ಗೊತ್ತೇ ಆಗಿರಲಿಲ್ಲ.
‘ಏನ್ ನೋಡ್ತಿ?’
‘ಊರು.’

ಮರುದಿನ, ಟಿಪ್ಪುವಿನ ಅರಮನೆಯಲ್ಲಿ
ಮರದ ಕಂಬ ಎಣಿಸುತ್ತ ನಿಂತವನನ್ನು ಎಳೆದುಕೊಂಡು ಬಂದು
ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಕಳಕೊಂಡೆ.
ಸೇವಂತಿಗೆಯ ಗುಡ್ಡ, ಕೊಳೆತ ಎಲೆ, ಮೂಟೆ ಹೊತ್ತವರ ‘ದಾರಿ, ದಾರಿ!’
ಫೋನು ಲಾಡ್ಜಿನಲ್ಲಿ, ಚಾರ್ಜಿಗೆ.
ರಸ್ತೆಯಲ್ಲಾದರೆ ನಮ್ಮದೊಂದು ಭಾಷೆ ಇತ್ತು:
ಒಂದು ಬೆಲ್ಲು, ನಿಲ್ಲು.
ಎರಡು, ಇದ್ದೇನೆ, ನಡಿ.
ಹೆಬ್ಬೆರಳು ತನ್ನಷ್ಟಕ್ಕೆ ಗಾಳಿಯನ್ನು ಒತ್ತಿತು.
ಮುಕ್ಕಾಲು ತಾಸಿನ ಮೇಲೆ ಬಂದ,
ಕೈಯಲ್ಲಿ ಅರ್ಧ ಡಜನ್ ಬಾಳೆಹಣ್ಣು, ಒಂದು ಮೊಳ ಕನಕಾಂಬರ.
ಬೈದೆ.
ಹೂವು ಮುಡಿಯಲಿಲ್ಲ, ಹೆಲ್ಮೆಟ್ಟಿನೊಳಗೆ ಹಾಕಿಟ್ಟೆ.
ಕಬ್ಬನ್ ಪಾರ್ಕು ನೋಡಲಾಗಲಿಲ್ಲ.
ವಿಧಾನಸೌಧ, ಬಸ್ಸಿನ ಕಿಟಕಿಯಿಂದ, ಅರ್ಧ.

ಮೂರನೆಯ ಬೆಳಗು, ನಾಲ್ಕೂವರೆ.
ಹಗಲು ಕಾಲೂರಲು ಜಾಗ ಕೊಡದ ಊರು
ರಸ್ತೆ ಪೂರಾ ನಮಗೆ ಬಿಟ್ಟು ಮಲಗಿತ್ತು.
ಚೈನಿಗೆ ಎಣ್ಣೆ ಬಿಟ್ಟು, ಬೀಗ ಬಿಚ್ಚಿ,
‘ಇವತ್ತ ನೀ ಮುಂದ ಹೋಗು’ ಅಂದ.
ಯಾಕೆಂದು ಹೇಳಲಿಲ್ಲ.

ಮುಂದೆ ಯಾರೂ ಇಲ್ಲದಿದ್ದರೆ ರಸ್ತೆ ಇಷ್ಟು ಅಗಲವೇ.
ನನ್ನ ಬೆನ್ನು ಹೇಗಿದೆಯೋ, ನಾನಂತೂ ಕಂಡಿಲ್ಲ.
ಸಿಗ್ನಲ್ಲುಗಳು ಹಳದಿ ಮಿಟುಕಿಸುತ್ತಿದ್ದವು.
ಹಾಲಿನ ಕ್ರೇಟು ಇಳಿಸುವವನು ಕೈ ಎತ್ತಿದ.
ಮಡಿವಾಳ ದಾಟುವಾಗ ಹಿಂದಿನಿಂದ
ಆ ಒಡಕು ಬೆಲ್ಲು, ಒಂದು ಸಲ.
ಬ್ರೇಕಿಗೆ ಬೆರಳು ಹೋಗುವಷ್ಟರಲ್ಲಿ,
ತಡವಾಗಿ,
ಇನ್ನೊಂದು.